ಹೇಳಿ ಮಾಡಿಸಿದ ವಾದ್ಯ

‘ಹೇಳಿ ಮಾಡಿಸಿದ ಹಾಗಿದೆ’ ಎಂಬುದು ನಮ್ಮಲ್ಲಿ ಮೆಚ್ಚುಗೆಯ ಮಾತು. ಅಂಗಿಗೂ ಅನ್ನುತ್ತೇವೆ, ಗಂಡು-ಹೆಣ್ಣಿನ ಜೋಡಿಗೂ ಅನ್ನುತ್ತೇವೆ. ಹೇಳಿದವರು ಯಾರು, ಯಾರಿಗಾಗಿ ಹೇಳಿದರು ಎಂದು ಮಾತ್ರ ಕೇಳುವುದಿಲ್ಲ. ವಾದ್ಯಗಳ ಚರಿತ್ರೆಗೆ ಇಳಿದರೆ ಆ ಪ್ರಶ್ನೆಯೇ ಮುಖ್ಯವಾಗುತ್ತದೆ. ಯಾರೋ ಹೇಳಿ ಮಾಡಿಸುವವರು ಇರುವವರೆಗೆ ಮಾತ್ರ ಒಂದು ವಾದ್ಯ ಬದುಕಿರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಮೊದಲು ಕಿವಿಗೆ ಬೀಳುವುದು ಚರ್ಮವಾದ್ಯ. ಕೊಟ್ಟೂರೇಶ್ವರನ ತೇರಿಗೆ ಸಮಾಳ, ನಂದಿಕೋಲು. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯಗಳ ಡಮರುಗ. ತಂತಿಯ ದನಿ ಕೇಳಬೇಕಾದರೆ ಎಲ್ಲಮ್ಮನ ಹಾಡಿನವರ ಹತ್ತಿರ ಹೋಗಬೇಕು. ಅವರ ಕಂಕುಳಲ್ಲಿ ಚೌಡಿಕೆ ಇರುತ್ತದೆ. ಕೊಳಗದಂಥ ಪೊಳ್ಳು ಮೈ, ಅದರ ಒಂದು ಬಾಯಿಗೆ ಚರ್ಮದ ಹೊದಿಕೆ, ಆ ಚರ್ಮದಿಂದ ಹೊರಟು ಪಕ್ಕದ ಕೋಲಿನ ಬಿರಡೆಗೆ ಬಿಗಿದ ಒಂದೇ ತಂತಿ. ಮೀಟಿದರೆ ತಂತಿಯೂ ಚರ್ಮವೂ ಒಟ್ಟಿಗೆ ನುಡಿಯುತ್ತವೆ. ಹೀಗಾಗಿ ಶ್ರುತಿಗೂ ತಾಳಕ್ಕೂ ಇದೊಂದೇ ಸಾಕು.

ಈ ಚೌಡಿಕೆಯನ್ನು ಹೇಳಿ ಮಾಡಿಸುತ್ತಿದ್ದವರು ಯಾರು? ದೇವರು ಎಂದು ನಂಬಿಕೆ ಹೇಳುತ್ತದೆ. ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಗುಡ್ಡಕ್ಕೆ ಭರತ ಹುಣ್ಣಿಮೆಯಲ್ಲಿ ಹತ್ತಿ ಹೋದ ಎಷ್ಟೋ ಹುಡುಗಿಯರಿಗೆ ಅಲ್ಲಿ ಮುತ್ತು ಕಟ್ಟಲಾಯಿತು. ಮುತ್ತು ಕಟ್ಟಿಸಿಕೊಂಡವಳಿಗೆ ಪಡ್ಲಿಗೆ, ಚೌಡಿಕೆಗಳು ಬೇಡವೆನ್ನಲಾಗದ ವಸ್ತುಗಳು. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ, 1947ರಲ್ಲಿ, ಈ ಸಮರ್ಪಣೆಯನ್ನು ತಡೆಯುವ ಕಾಯ್ದೆ ಬಂತು. 1982ರಲ್ಲಿ ಕರ್ನಾಟಕವೂ ತನ್ನದೇ ಕಾಯ್ದೆ ಮಾಡಿತು. ಕಾಯ್ದೆ ಎರಡು ಸಲ ಬರಬೇಕಾಯಿತೆಂದರೆ ಪದ್ಧತಿ ಎಷ್ಟು ಆಳಕ್ಕೆ ಇಳಿದಿತ್ತೆಂದು ತಿಳಿಯುತ್ತದೆ. ಆ ವಾದ್ಯ ಅವಳ ಕಂಠವನ್ನು ಕೇಳಿ ಬಂದದ್ದಲ್ಲ, ಅವಳ ಬಡತನವನ್ನು ನೋಡಿ ಬಂದದ್ದು.

ಇದೇ ಸೀಮೆಯವರಿಗೆ ತಂತಿಯ ಇನ್ನೊಂದು ದಾರಿಯೂ ಇತ್ತು. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ ಹಾದು ಹೊಸಪೇಟೆಗೆ ಹೋಗುತ್ತಿದ್ದ ಮೀಟರ್‌ಗೇಜ್ ರೈಲು, ಅಲ್ಲಿಂದ ಗದಗ, ಹುಬ್ಬಳ್ಳಿ, ಲೋಂಡಾ, ಬೆಳಗಾವಿ, ಕೊನೆಗೆ ಮಿರಜ. ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಸಂಗೀತ ಕಲಿಸಿದರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಮಠ, ಶಾಲೆ, ನಾಟಕ ಕಂಪನಿಗಳ ಕಡೆ ಹೊರಟರು. ಹಾಡುವವರಿಗೆ ತಂಬೂರಿ ಬೇಕು. ಉತ್ತರ ಕರ್ನಾಟಕದಲ್ಲಿ ತಂಬೂರಿ ಎಂದರೆ ಮಿರಜಿನ ತಂಬೂರಿ.

ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿರುವ ಮಿರಜ ಕನ್ನಡ-ಮರಾಠಿ ಎರಡೂ ಬೆರೆತ ಗಡಿಯ ಊರು. ಪಟವರ್ಧನ ಸಂಸ್ಥಾನದ ಕಾಲದಲ್ಲಿ ಅಲ್ಲಿನ ಶಿಕಲಗಾರರು ಕತ್ತಿ, ಭರ್ಚಿಗಳನ್ನು ಮಾಡಿ ಸಾಣೆ ಹಿಡಿಯುತ್ತಿದ್ದರು. ಇಂಗ್ಲಿಷರ ಆಳ್ವಿಕೆ ಗಟ್ಟಿಯಾದಂತೆ ಆಯುಧ ಹೇಳಿ ಮಾಡಿಸುವವರು ಇಲ್ಲವಾದರು. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಫರೀದಸಾಹೇಬ್ ಮತ್ತು ಮೊಹಿನುದ್ದೀನ್ ಎಂಬ ಅಣ್ಣತಮ್ಮಂದಿರು ವಾದ್ಯಗಳ ರಿಪೇರಿಗೆ ಕೈ ಹಚ್ಚಿದರು, ಆಮೇಲೆ ಹೊಸದನ್ನೇ ಮಾಡಿದರು ಎಂದು ಆ ಊರು ನೆನೆಯುತ್ತದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಅಲ್ಲಿಯೇ ನೆಲೆಸಿದರು. ಅವರು ಹಾಡುವುದರಲ್ಲಿ ಎಷ್ಟು ನಿಷ್ಣಾತರೋ ವಾದ್ಯ ರಿಪೇರಿಯಲ್ಲೂ ಅಷ್ಟೇ ಕೈಪಳಗಿದವರು. 1937ರಲ್ಲಿ ತೀರಿಕೊಂಡಾಗ ಅವರನ್ನು ಮಿರಜಿನ ದರ್ಗಾದ ಆವರಣದಲ್ಲಿಯೇ ಮಣ್ಣು ಮಾಡಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಧಾರವಾಡ ಸೀಮೆಯ ಗಾಯನಕ್ಕೂ ಮಿರಜಿನ ಉಳಿಗೂ ಹೀಗೆ ನಂಟು ಬೆಳೆಯಿತು.

ತಂಬೂರಿ ಹೇಳಿ ಮಾಡಿಸಲು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಹಣದ್ದಲ್ಲ, ‘ನಿಮ್ಮ ಪಟ್ಟಿ ಯಾವುದು?’ ಎಂಬುದು. ಹಾರ್ಮೋನಿಯಂನ ಯಾವ ಮನೆಯನ್ನು ಷಡ್ಜವಾಗಿಟ್ಟುಕೊಂಡು ಹಾಡುತ್ತೀರಿ ಎಂದು ಅದರ ಅರ್ಥ. ಗಂಡಸರು ಸಾಮಾನ್ಯವಾಗಿ ಕರಿ ಒಂದರ ಆಸುಪಾಸು. ಅವರಿಗೆ ಉದ್ದ ದಂಡಿ, ದೊಡ್ಡ ಬುರುಡೆ. ಹೆಂಗಸರ ಶ್ರುತಿ ಮೇಲಿನದು. ಅವರಿಗೆ ಚಿಕ್ಕ ತಂಬೂರಿ. ಈ ಲೆಕ್ಕವೂ ಎಲ್ಲರಿಗೂ ಒಗ್ಗುವುದಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಗಡುಸಾಗಿ ಕೆಳಗಿಳಿಯಿತು, ಆ ದನಿಯೇ ಅವರನ್ನು ಗಂಗೂಬಾಯಿ ಮಾಡಿತು. ಅಂಥ ಕಂಠಕ್ಕೆ ‘ಹೆಣ್ಣು ತಂಬೂರಿ’ ಎಂಬ ಅಳತೆ ಸಾಲದು. ವಾದ್ಯ ಮಾಡುವವನು ಹಾಡುವವರ ಹುಟ್ಟನ್ನು ಕೇಳಿದರೆ ಕೆಲಸ ಕೆಡುತ್ತದೆ, ದನಿಯನ್ನೇ ಕೇಳಬೇಕು.

ಆಮೇಲಿನದು ಬುರುಡೆಯ ಸರದಿ. ಪಂಢರಪುರ, ಮಂಗಳವೇಢೆಯ ಕಡೆ ಬೆಳೆಯುವ ಕಹಿ ಸೋರೆಯನ್ನು ಒಣಗಿಸಿ, ನೀರಲ್ಲಿ ನೆನೆಸಿ, ಕೊಯ್ದು, ಒಳಗಿನ ತಿರುಳು ತೆಗೆದು, ಆಕಾರ ಕೆಡದಂತೆ ಒಳಗೆ ಕಡ್ಡಿಗಳ ಆನಿಕೆ ಕೊಟ್ಟು ಮತ್ತೆ ಒಣಗಿಸುತ್ತಾರೆ. ದಂಡಿಗೂ ಮುಖದ ಹಲಗೆಗೂ ಹೆಚ್ಚಾಗಿ ತುಣ್ ಮರ. ಒಂದು ಸೋರೆ ಇನ್ನೊಂದರ ಹಾಗೆ ಬೆಳೆಯುವುದಿಲ್ಲವಾದ್ದರಿಂದ ಒಂದು ತಂಬೂರಿ ಇನ್ನೊಂದರಂತೆ ಆಗುವುದಿಲ್ಲ. ಗಿರಾಕಿ ಎಷ್ಟೇ ಹೇಳಿದರೂ ಅರ್ಧ ಮಾತು ಹೊಲದ್ದೇ.

ಹೆಚ್ಚು ಕಡಿಮೆ ಅದೇ ದಶಕಗಳಲ್ಲಿ ಸ್ಪೇನಿನಲ್ಲಿ ಆಂಟೋನಿಯೊ ದೆ ತೋರೆಸ್ (1817–1892) ಎಂಬ ಬಡಗಿ ಗಿಟಾರಿಗೆ ಇಂದಿನ ಮೈಕಟ್ಟು ಕೊಡುತ್ತಿದ್ದ. ಗಿಟಾರಿನ ದನಿ ಇರುವುದು ಮುಖದ ಹಲಗೆಯಲ್ಲಿ ಎಂದು ತೋರಿಸಲು ಅವನು 1862ರಲ್ಲಿ ಬೆನ್ನು, ಪಕ್ಕಗಳನ್ನು ಕಾಗದದ ರಟ್ಟಿನಿಂದಲೇ ಮಾಡಿದ. ತಂಬೂರಿಯಲ್ಲಿ ಅಂಥ ಮರ್ಮದ ಜಾಗ ಕುದುರೆ. ಅದರ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ಇಳಿಜಾರು ಮಾಡಿ, ತಂತಿಯ ಕೆಳಗೆ ಹತ್ತಿಯ ನೂಲು ಸರಿಸಿದಾಗ ತಂತಿ ಕುದುರೆಯ ಬೆನ್ನನ್ನು ಸವರುತ್ತಾ ಝೇಂಕರಿಸುತ್ತದೆ. ಇದೇ ಜವಾರಿ. ಕೆಲವರಿಗೆ ಅದು ಬಿಚ್ಚಿಕೊಂಡಿರಬೇಕು, ಕೆಲವರಿಗೆ ಮುಚ್ಚಿಕೊಂಡಂತೆ ಬೇಕು. ಇದನ್ನು ಅಳತೆಪಟ್ಟಿಯಲ್ಲಿ ಬರೆದು ಕಳಿಸಲು ಬರುವುದಿಲ್ಲ. ಹಾಡುವವರು ಎದುರು ಕೂತು ಹಾಡಬೇಕು, ಮಾಡುವವನು ಉಜ್ಜಬೇಕು, ಮತ್ತೆ ಕೇಳಬೇಕು. ತಂತಿ ಮೀಟಿ ಮೀಟಿ ಕುದುರೆ ಸವೆದಾಗ ಜವಾರಿಗಾಗಿ ಮತ್ತೆ ಅವನ ಬಳಿಗೇ ಹೋಗಬೇಕು. ಹೀಗಾಗಿ ಹೇಳಿ ಮಾಡಿಸುವುದು ಒಂದು ದಿನದ ವ್ಯಾಪಾರವಲ್ಲ, ಆಯುಷ್ಯದ ಬಳಕೆ.

ಆ ಬಳಕೆಗೆ ಪೆಟ್ಟು ಬಿದ್ದದ್ದು ಬೆಂಗಳೂರಿನಿಂದಲೇ. 1970ರ ದಶಕದ ಕೊನೆಯಲ್ಲಿ ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು, ತಂಬೂರಿಯನ್ನು ರೂಪಿಸಿದರು. ಈಗ ಅದು ಮೊಬೈಲಿನೊಳಗೂ ಸೇರಿದೆ. ಬಯ್ಯುವುದು ಸುಲಭ. ಆದರೆ ತಂಬೂರಿ ಕೊಳ್ಳಲಾಗದ ಕೂಡ್ಲಿಗಿಯ ಮನೆಯೊಂದರ ಮಗು ಇಂದು ಶ್ರುತಿ ಹಿಡಿದು ಹಾಡುತ್ತದೆಂದರೆ ಅದು ಆ ಪೆಟ್ಟಿಗೆಯಿಂದ. ಯಂತ್ರ ಶ್ರುತಿಯನ್ನು ಎಲ್ಲರಿಗೂ ಹಂಚಿತು, ಹಾಡುವವರಿಗೂ ಮಾಡುವವನಿಗೂ ಇದ್ದ ಮಾತುಕತೆಯನ್ನು ನಿಲ್ಲಿಸಿತು. ಎರಡೂ ನಿಜ. 2024ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದು ಹೆಸರನ್ನು ಕಾಯುತ್ತದೆ, ಗಿರಾಕಿಯನ್ನು ಕರೆತರಲಾರದು.

ಚೌಡಿಕೆಯ ಪ್ರಶ್ನೆ ಇದಕ್ಕಿಂತ ಕಠಿಣ. ಅದನ್ನು ಕೈಗೆ ಕೊಟ್ಟ ಪದ್ಧತಿ ಅಳಿಯಲೇಬೇಕು. ಪದ್ಧತಿಯ ಜೊತೆಗೆ ವಾದ್ಯವೂ ಅಳಿಯಬೇಕೆ? ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಇದಕ್ಕೆ ಬಾಳಿ ತೋರಿಸಿದ ಉತ್ತರ ಒಂದಿದೆ. ಕಾಳವ್ವ ಜೋಗತಿಯವರಿಂದ ಕಲಿತ ಜೋಗತಿ ಕುಣಿತವನ್ನು ಅವರು ರಂಗಕ್ಕೆ ತಂದರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮೊದಲ ಲಿಂಗಾಂತರಿಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹರಕೆಯ ಹಾಡನ್ನು ಕಲೆಯ ಹಾಡೆಂದು ಜನ ಕೇಳುವಂತಾಯಿತು.

ಇನ್ನು ಉಳಿದದ್ದು ನಮ್ಮ ಪಾಲು. ಈ ಐದು ತಾಲೂಕುಗಳ ಶಾಲೆಯೊಂದು, ಭಜನಾ ಮಂಡಳಿಯೊಂದು, ನಾಟಕದ ತಂಡವೊಂದು ತನ್ನ ಹಾಡುಗಾರರ ದನಿಗೆ ತಕ್ಕ ಚೌಡಿಕೆಯನ್ನು ಕಾಸು ಕೊಟ್ಟು ಮಾಡಿಸಿದರೆ, ಅದು ಆ ವಾದ್ಯದ ಚರಿತ್ರೆಯಲ್ಲೇ ಬೇರೆ ಬಗೆಯ ಬೇಡಿಕೆಯಾಗುತ್ತದೆ. ಕತ್ತಿ ಮಾಡುತ್ತಿದ್ದ ಕೈಗಳು ತಂಬೂರಿ ಮಾಡಿದ್ದು ಹೀಗೇ, ಕೇಳುವವರು ಬದಲಾದಾಗ. ಹುಡುಗಿಯೊಬ್ಬಳು ‘ನನಗೆ ಬೇಕು’ ಎಂದು ತಾನೇ ಹೋಗಿ, ತನ್ನ ಪಟ್ಟಿ ಹೇಳಿ, ಮೀಟಿ ನೋಡಿ, ಒಗ್ಗದಿದ್ದರೆ ‘ಬೇಡ’ ಎಂದು ಹಿಂದಿರುಗಿಸಬಹುದಾದ ದಿನ ಚೌಡಿಕೆಯೂ ಹೇಳಿ ಮಾಡಿಸಿದ ವಾದ್ಯವಾಗುತ್ತದೆ.