ಹೋರಿಹಬ್ಬದ ಸಿದ್ಧತೆ: ಒಂದು ಅವಲೋಕನ

ದೀಪಾವಳಿಯ ಬಲಿಪಾಡ್ಯಮಿಯ ಪೂಜೆ ಮುಗಿದೊಡನೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಮೊದಲಾಗುತ್ತವೆ. ಕೊರಳಿಗೆ ಒಣಕೊಬ್ಬರಿಯ ಸರ, ಕೋಡಿಗೆ ರಿಬ್ಬನ್ನು ಬಲೂನು, ಬೆನ್ನಿಗೆ ಜೂಲ ತೊಡಿಸಿದ ಹೋರಿಗಳನ್ನು, ಇಕ್ಕೆಲಗಳಲ್ಲಿ ಜನ ನೆರೆದ ಹಾದಿಯಲ್ಲಿ ಒಂದೊಂದಾಗಿ ಬಿಡುತ್ತಾರೆ. ಓಡುವ ಹೋರಿಯನ್ನು ತಡೆದು ಕೊಬ್ಬರಿಯನ್ನು ಹರಿದುಕೊಳ್ಳುವುದು ತರುಣರ ಗೆಲುವು. ಯಾರ ಕೈಗೂ ಸಿಗದೆ ಕೊಬ್ಬರಿಯೊಡನೆ ಅಖಾಡವನ್ನು ದಾಟುವುದು ಹೋರಿಯ ಗೆಲುವು. ಸ್ಪೇನ್ ದೇಶದ ಗೂಳಿಕಾಳಗದಂತೆ ಇಲ್ಲಿ ಪಶುವನ್ನು ಕೊಲ್ಲುವುದಿಲ್ಲ.

ಈ ಕ್ರೀಡೆಯ ಪ್ರಾಚೀನತೆಗೆ ಈ ಭಾಗದ ತುರುಗೋಳ್ ವೀರಗಲ್ಲುಗಳೇ ಸಾಕ್ಷಿಯೆಂದು ತೋರಬಹುದು. ಆದರೆ ಶತ್ರುಗಳು ಸೆರೆಹಿಡಿದ ತುರುಗಳನ್ನು ಮರಳಿಸಲು ಹೋರಾಡಿ ಮಡಿದವರ ಸ್ಮಾರಕಗಳವು. ಗೋಸಂಪತ್ತಿಗೆ ಆ ಕಾಲದ ಜನ ಕೊಟ್ಟ ಬೆಲೆಯನ್ನು ಅವು ತಿಳಿಸುತ್ತವೆಯೇ ಹೊರತು ಆಟವನ್ನು ಕುರಿತು ಏನನ್ನೂ ಹೇಳುವುದಿಲ್ಲ. ಯುದ್ಧದ ಕಲ್ಲಿನಿಂದ ಹಬ್ಬದ ಇತಿಹಾಸವನ್ನು ಕಟ್ಟಹೊರಡುವುದು ಯುಕ್ತವಲ್ಲ.

ಸ್ಪರ್ಧೆಯ ಸಿದ್ಧತೆಯನ್ನು ನೇರವಾಗಿ ನಿರೂಪಿಸುವ ಗ್ರಂಥವು ಬೇರೆಯಿದೆ. ಪಾನುಂಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಕಾಲದಲ್ಲಿ, ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಕ್ರಿ.ಶ. 1126-1138) ರಚಿಸಿದ ‘ಮಾನಸೋಲ್ಲಾಸ’ವೇ ಅದು. ಕ್ರಿ.ಶ. 1129ರ ಈ ಸಂಸ್ಕೃತ ಕೃತಿಯ ಮಲ್ಲವಿನೋದ ಪ್ರಕರಣವು ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸುತ್ತದೆ; ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬುವು ಅಲ್ಲಿ ಬರುವ ದರ್ಜೆಗಳು. ಭಾರವನ್ನೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳುಗಳ ಬಲವನ್ನು ಬೆಳೆಸುವ ಬಾಹುಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಇವು ಮಲ್ಲರ ಅಭ್ಯಾಸಗಳು. ಅಭ್ಯಾಸಕ್ಕೆ ‘ಶ್ರಮ’ವೆಂದೇ ಹೆಸರಿಟ್ಟಿರುವುದು ಗಮನಾರ್ಹವಾಗಿದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಒದಗಿಸುವುದು ಅರಸನ ಹೊಣೆ. ಅಂತಃಪುರದ ಸ್ತ್ರೀಯರಿಂದ ದೂರವಿದ್ದು ದೇಹವನ್ನು ಬೆಳೆಸುವುದು ಮಲ್ಲನ ಹೊಣೆ. ಕುಸ್ತಿಯ ಪಟ್ಟುಗಳ ಹೆಸರನ್ನು ಮಾತ್ರ ಹೇಳಿ ಮುಂದೆ ಸಾಗುವ ಗ್ರಂಥಕಾರನು ಊಟ ಮತ್ತು ದರ್ಜೆಗಳ ವಿಷಯದಲ್ಲಿ ಉದಾರನಾಗಿದ್ದಾನೆ. ಕಣಕ್ಕೆ ಇಳಿಯುವ ಮುನ್ನ ನಡೆಯತಕ್ಕದ್ದೇ ಮುಖ್ಯವೆಂಬುದು ಅರಸನ ಮತವಾಗಿದ್ದಿರಬೇಕು.

ಮಲ್ಲವಿನೋದದಿಂದ ಹೋರಿಹಬ್ಬವು ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಆದರೂ ಹೋರಿಯನ್ನು ಸಾಕುವ ಮನೆಯ ಹಿತ್ತಿಲಿಗೆ ಹೋಗಿ ನೋಡಿದವರಿಗೆ ಆ ಪ್ರಕರಣವು ನೆನಪಿಗೆ ಬಾರದಿರದು. ಹುರುಳಿ, ಹತ್ತಿಕಾಳು, ಹಿಂಡಿಗಳ ಮೇವು, ಕೆರೆಯಲ್ಲಿ ಈಜು, ಹಬ್ಬಕ್ಕೆ ಮುನ್ನ ಓಟದ ತಾಲೀಮು, ಜನಸಂದಣಿಗೂ ಸದ್ದಿಗೂ ಬೆದರದಂತೆ, ಆದರೆ ಮೈಮುಟ್ಟಗೊಡದಂತೆ ಪಳಗಿಸುವ ಜಾಣ್ಮೆ. ಮಲ್ಲರಿಗೆ ಬಿರುದುಗಳಿದ್ದಂತೆ ಹೋರಿಗಳಿಗೂ ಹೆಸರುಗಳುಂಟು. ಆ ಹೆಸರನ್ನು ಕೂಗುತ್ತ ಊರೂರು ತಿರುಗುವ ಅಭಿಮಾನಿಗಳೂ ಉಂಟು. ಇಷ್ಟೆಲ್ಲದರ ಹಿಂದೆ ಭಕ್ತಿಯೂ ಇದೆ. ಬಸವಣ್ಣನವರನ್ನು ನಂದಿಯ ಅವತಾರವೆಂದು ವರ್ಣಿಸುವ ಭೀಮಕವಿಯ ‘ಬಸವಪುರಾಣ’ವು (ಕ್ರಿ.ಶ. 1369) ಪ್ರಸಾರಗೊಂಡ ನಾಡಿದು, ಒಕ್ಕಲಿಗನ ಬಾಯಲ್ಲಿ ಎತ್ತು ಇಂದಿಗೂ ‘ಬಸವಣ್ಣ’ನೇ ಆಗಿದೆ.

ಹಿಂದೆ ಕೊಬ್ಬರಿಯೇ ಬಹುಮಾನವಾಗಿದ್ದ ಆಟದಲ್ಲಿ ಈಗ ಬಂಗಾರ, ಮೋಟಾರು ಸೈಕಲ್ಲುಗಳು ಬಂದಿವೆ. ಹೆಸರಾದ ಹೋರಿಯ ಬೆಲೆ ಲಕ್ಷಗಳನ್ನು ಮುಟ್ಟಿದೆ. ಕಾನೂನಿನ ಪ್ರಶ್ನೆಯೂ ಎದ್ದಿತು. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಮೇರೆಗೆ ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕವು ಆ ಕಾಯಿದೆಗೆ ತಂದ ತಿದ್ದುಪಡಿಯನ್ನು ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿಯಿತು. ಆ ತಿದ್ದುಪಡಿಯು ಹೆಸರಿಸುವುದು ಕಂಬಳವನ್ನೂ ಎತ್ತುಗಳ ಮತ್ತು ಗಾಡಿಗಳ ಓಟವನ್ನೂ.

ಪಶುವಿನ ಹಿಂಸೆಯನ್ನು ಕುರಿತ ಈ ಚರ್ಚೆಯು ಅವಶ್ಯಕವೇ. ಆದರೆ ಇದರ ನಡುವೆ ಇನ್ನೊಂದು ಕೊರತೆಯು ಮರೆಯಾಗಿದೆ. ಮಲ್ಲವಿನೋದದಲ್ಲಿ ಸೆಣಸುವ ಇಬ್ಬರೂ ಶ್ರಮದಿಂದ ಪಳಗಿದವರು. ಹೋರಿಹಬ್ಬದಲ್ಲಿ ತಿಂಗಳುಗಟ್ಟಲೆ ಸಿದ್ಧಗೊಳ್ಳುವುದು ಹೋರಿಯೊಂದೇ. ಅದರ ಕೊರಳಿಗೆ ಕೈಹಾಕುವ ತರುಣನು ಬಹುಶಃ ಅಂದು ಬೆಳಿಗ್ಗೆ ಮನೆಯಿಂದ ಹೊರಟು ಬಂದವನು. ಅವನನ್ನು ಪರೀಕ್ಷಿಸುವ ಉಸ್ತಾದನಿಲ್ಲ, ದರ್ಜೆಯಿಲ್ಲ. ಅಂಚಿನಲ್ಲಿ ನಿಂತು ನೋಡುವವನಿಗಂತೂ ಯಾವ ಸಿದ್ಧತೆಯೂ ಇರುವುದಿಲ್ಲ. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿಯ ತಿವಿತಕ್ಕೆ ಪ್ರಾಣ ಕಳೆದುಕೊಂಡವರಲ್ಲಿ ಸ್ಪರ್ಧೆಗೆ ಇಳಿಯದವರೂ ಇದ್ದರು. ಹೋರಿಗೆ ಕೊಡುವ ತಾಲೀಮಿನಲ್ಲಿ ಒಂದು ಪಾಲನ್ನಾದರೂ ಹಿಡಿಯುವವರಿಗೆ ಊರಿನ ಗರಡಿಯಲ್ಲಿ ಕೊಡಿಸುವುದು, ಪಳಗದವರನ್ನು ಬೇಲಿಯ ಆಚೆಗೆ ನಿಲ್ಲಿಸುವುದು ಹಬ್ಬದ ಸಮಿತಿಗಳಿಗೆ ಅಸಾಧ್ಯವಾದ ಕೆಲಸವೇನಲ್ಲ.