ರೋಗಿಯ ಇಚ್ಛಾಪತ್ರ

ಮನೆಮಾರುಗಳ ವಿಷಯದಲ್ಲಿ ಮರಣಶಾಸನ ಬರೆದಿಡುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಆದರೆ ಪ್ರಜ್ಞೆ ತಪ್ಪಿದ ಕಾಲಕ್ಕೆ ತನ್ನ ಶರೀರಕ್ಕೆ ಯಾವ ಚಿಕಿತ್ಸೆ ನಡೆಯಬೇಕು, ಯಾವುದು ನಿಲ್ಲಬೇಕು ಎಂದು ಬರೆದಿಡುವ ಅಧಿಕಾರವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ಮನ್ನಿಸಿದುದು 2018ರಲ್ಲಿ. ಇದರ ಪೂರ್ವಕಥೆಯು ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳ ಬಾಳಿನೊಡನೆ ಹೆಣೆದುಕೊಂಡಿದೆ.

ಅರುಣಾ ರಾಮಚಂದ್ರ ಶಾನಭಾಗ ಎಂಬಾಕೆಯು ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. 1973ನೆಯ ನವಂಬರ್ 27ರಂದು ಅಲ್ಲಿಯ ಸೇವಕನೊಬ್ಬನ ಕ್ರೂರ ಆಕ್ರಮಣಕ್ಕೆ ಸಿಕ್ಕಿ, ಮಿದುಳಿಗೆ ಪ್ರಾಣವಾಯುವು ಸಾಲದೆ, ನುಡಿಯನ್ನೂ ಅರಿವನ್ನೂ ಕಳೆದುಕೊಂಡಳು. ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಆಕೆಗೆ ಮೆತ್ತಗಿನ ಅನ್ನ ಉಣಿಸಿ, ಮೀಯಿಸಿ, ಮೈಯಲ್ಲಿ ಹುಣ್ಣಾಗದಂತೆ ಕಾಪಾಡಿದರು. 2009ರಲ್ಲಿ ಲೇಖಕಿ ಪಿಂಕಿ ವಿರಾನಿಯವರು, ಆಹಾರವನ್ನು ನಿಲ್ಲಿಸಿ ಈ ಜೀವಕ್ಕೆ ಶಾಂತವಾದ ಮರಣವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಬಿನ್ನವಿಸಿದರು. ಆಸ್ಪತ್ರೆಯವರು ಒಪ್ಪಲಿಲ್ಲ. ಎರಡು ಪಕ್ಷಗಳಲ್ಲಿಯೂ ಕರುಣೆಯಿತ್ತು. ರೋಗಿಯ ಸ್ವಂತ ಮಾತೊಂದು ಮಾತ್ರ ಇರಲಿಲ್ಲ.

2011ನೆಯ ಮಾರ್ಚಿ 7ರಂದು ನ್ಯಾಯಾಲಯವು, ಆಕೆಯ ಪರವಾಗಿ ನುಡಿಯತಕ್ಕವರು ಆರೈಕೆ ಮಾಡಿದ ಆಸ್ಪತ್ರೆಯವರೇ ಎಂದು ಹೇಳಿ ಬಿನ್ನಹವನ್ನು ತಳ್ಳಿಹಾಕಿತು. ಆದರೂ ಇಂಥ ರೋಗಿಗಳ ಜೀವಾಧಾರ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿಯಿಂದ ನಿಲ್ಲಿಸಬಹುದೆಂದು ಅದೇ ತೀರ್ಪಿನಲ್ಲಿ ಸಾರಿತು. ಅರುಣೆಯು 2015ನೆಯ ಮೇ 18ರಂದು ನ್ಯುಮೋನಿಯಾ ರೋಗದಿಂದ ತೀರಿಕೊಂಡಳು.

ಆ ತೀರ್ಪಿನಲ್ಲಿ ಪರಸ್ಪರವಿರೋಧ ಕಂಡುದರಿಂದ, ಕಾಮನ್ ಕಾಸ್ ಸಂಸ್ಥೆಯು 2005ರಲ್ಲಿಯೇ ಹೂಡಿದ್ದ ವ್ಯಾಜ್ಯವನ್ನು 2014ರಲ್ಲಿ ಹಿರಿಯ ಪೀಠಕ್ಕೆ ಒಪ್ಪಿಸಲಾಯಿತು. 2018ನೆಯ ಮಾರ್ಚಿ 9ರಂದು ಐವರು ನ್ಯಾಯಾಧೀಶರು, ಘನತೆಯಿಂದ ಸಾಯುವುದೂ ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೇ ಅಡಗಿದೆಯೆಂದು ನಿರ್ಣಯಿಸಿ, ಇಚ್ಛಾಪತ್ರಕ್ಕೆ ಮಾನ್ಯತೆಯಿತ್ತರು. ಮದ್ದು ಕೊಟ್ಟು ಕೊಲ್ಲುವುದಕ್ಕೆ ಇದರಲ್ಲಿ ಎಡೆಯಿಲ್ಲ. ಫಲವಿಲ್ಲದ ಚಿಕಿತ್ಸೆಯನ್ನು ಬಿಡುವುದಷ್ಟೇ ಇದರ ವಿಷಯ.

ಪತ್ರಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕೆಂಬ ಕಟ್ಟಳೆಯು ಜನರಿಗೆ ತೊಡಕಾಯಿತು. 2023ರಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢಪಡಿಸಿದರೆ ಸಾಕೆಂದು ವಿಧಿಸಲಾಯಿತು. ಚಿಕಿತ್ಸೆಯನ್ನು ನಿಲ್ಲಿಸುವ ಮುನ್ನ ವೈದ್ಯರ ಎರಡು ಮಂಡಲಿಗಳು ಪರಿಶೀಲಿಸಬೇಕು. ಕರ್ನಾಟಕ ಸರಕಾರವು 2025ನೆಯ ಜನವರಿಯಲ್ಲಿ ಇದನ್ನು ಆಚರಣೆಗೆ ತರುವ ಆಜ್ಞೆಯನ್ನು ಹೊರಡಿಸಿತು.

ತೀವ್ರನಿಗಾ ಕೊಠಡಿಯ ಬಾಗಿಲಲ್ಲಿ ನಿಂತು ತಾಯಿಯ ಇಷ್ಟವೇನಿದ್ದಿತೆಂದು ಮಕ್ಕಳು ತಮ್ಮತಮ್ಮಲ್ಲೇ ವಾದಿಸುವುದು ಅತ್ಯಂತ ಕಷ್ಟದ ಪ್ರಸಂಗ. ಚಿಕಿತ್ಸೆ ಬೇಕೆಂಬುದಾಗಲಿ ಬೇಡವೆಂಬುದಾಗಲಿ, ಆ ಮಾತನ್ನು ಬುದ್ಧಿ ಸ್ವಸ್ಥವಾಗಿರುವಾಗಲೇ ಮನೆಯವರಿಗೆ ತಿಳಿಸಿ ಬರೆದಿಟ್ಟರೆ, ಉಳಿದವರ ಹೆಗಲಿನ ಭಾರವು ಬಹುಮಟ್ಟಿಗೆ ಇಳಿಯುವುದು.