ಕಾಂಕ್ರೀಟ್ ಕವಿತೆ ಮತ್ತು ವಿಶುವಲ್ ಕವಿತೆ: ಎರಡು ಹೆಸರುಗಳ ಚರಿತ್ರೆ

‘ವಿಶುವಲ್ ಪೊಯೆಟ್ರಿ’ ಎಂಬುದಕ್ಕೆ ಕನ್ನಡದಲ್ಲಿ ಹೆಸರಿಡಹೊರಟರೆ ಮೊದಲು ಹೊಳೆಯುವ ಪದ ‘ದೃಶ್ಯಕಾವ್ಯ’. ಆದರೆ ಭಾರತೀಯ ಕಾವ್ಯಮೀಮಾಂಸೆ ಆ ಪದವನ್ನು ನಾಟಕಕ್ಕೆ ಮೀಸಲಿಟ್ಟಿದೆ. ‘ಚಿತ್ರಕಾವ್ಯ’ವೆಂದರೆ ಆನಂದವರ್ಧನನು ಕೊನೆಯ ಸ್ಥಾನಕ್ಕೆ ಸರಿಸಿದ ಪ್ರಕಾರವು ಎದುರು ನಿಲ್ಲುತ್ತದೆ. ‘ಕಾಂಕ್ರೀಟ್’ ಪದಕ್ಕೆ ‘ಮೂರ್ತ’ ಎಂದರೂ ತೊಡಕು ತಪ್ಪದು. ಓದುಗನು ಅದನ್ನು ಇಂದ್ರಿಯಗ್ರಾಹ್ಯ ಪ್ರತಿಮೆಗಳ ಕವಿತೆಯೆಂದೇ ಭಾವಿಸುತ್ತಾನೆ. ಈ ಪದಗಳು ಮೂಲದಲ್ಲಿ ಯಾವುದರ ವಿರುದ್ಧ ಹುಟ್ಟಿದವೆಂಬುದನ್ನು ಅರಿಯದೆ ಪರಿಭಾಷೆಯನ್ನು ನಿರ್ಣಯಿಸಲಾಗದು.

‘ಕಾಂಕ್ರೀಟ್’ ಎಂಬ ವಿಶೇಷಣ ಬಂದದ್ದು ಚಿತ್ರಕಲೆಯಿಂದ. 1930ರಲ್ಲಿ ಥಿಯೊ ಫಾನ್ ಡೂಸ್‌ಬುರ್ಗ್ ಅದನ್ನು ‘ಅಮೂರ್ತ’ಕ್ಕೆ ಪ್ರತಿಯಾಗಿ ಬಳಸಿದನು. ಗೆರೆ, ಬಣ್ಣ, ಮೇಲ್ಮೈಗಳು ಪ್ರಕೃತಿಯಿಂದ ಅಮೂರ್ತಗೊಳಿಸಿ ಪಡೆದವುಗಳಲ್ಲ, ಅವೇ ವಸ್ತುಗಳು ಎಂಬುದು ಅವನ ವಾದ. ಈ ವಾದವನ್ನು ಭಾಷೆಗೆ ಅನ್ವಯಿಸಿದಾಗ ಪದವು ಲೋಕದ ಯಾವುದನ್ನೋ ತೋರುವ ಬೆರಳಾಗಿರದೆ ತಾನೇ ವಸ್ತುವಾಗುತ್ತದೆ. 1953ರಲ್ಲಿ ಬರ್ನ್‌ನಿಂದ ‘ಕಾನ್‌ಸ್ಟೆಲಾಟಿಯೋನೆನ್’ ಪ್ರಕಟಿಸಿದ ಓಯ್ಗೆನ್ ಗೋಮ್ರಿಂಗರ್ ಮಾಡಿದ್ದು ಇದನ್ನೇ. ಮೌನವನ್ನು ಸೂಚಿಸುವ ಒಂದೇ ಜರ್ಮನ್ ಪದವನ್ನು ಅವನು ಹದಿನಾಲ್ಕು ಬಾರಿ ಜೋಡಿಸಿ, ನಡುವೆ ಒಂದು ಪದದಷ್ಟು ಜಾಗವನ್ನು ಬರಿದಾಗಿ ಬಿಟ್ಟ. ಅಲ್ಲಿ ಮೌನವಿರುವುದು ಆ ಬರಿದಿನಲ್ಲಿ. ಪದಗಳು ಅದರ ಸುತ್ತಣ ಗದ್ದಲ. ವಾಕ್ಯರಚನೆಯ ಕೆಲಸವನ್ನು ಖಾಲಿ ಜಾಗವು ವಹಿಸಿಕೊಂಡಿದೆ.

ಇದೇ ಕಾಲಕ್ಕೆ ಸಾವೊ ಪೌಲೊದಲ್ಲಿ ಔಗುಸ್ತು ಮತ್ತು ಅರೋಲ್ದು ದಿ ಕಾಂಪುಸ್ ಸಹೋದರರು ದೇಸಿಯು ಪಿನ್ಯಾತಾರಿಯೊಡನೆ 1952ರಲ್ಲಿ ‘ನೊಯಿಗಾಂದ್ರಿಸ್’ ಗುಂಪನ್ನು ಕಟ್ಟಿದ್ದರು. 1955ರಲ್ಲಿ ಪಿನ್ಯಾತಾರಿ ಮತ್ತು ಗೋಮ್ರಿಂಗರ್ ಉಲ್ಮ್‌ನ ವಿನ್ಯಾಸಶಾಲೆಯಲ್ಲಿ ಭೇಟಿಯಾದರು. ಹೆಸರು ಒಂದಾದದ್ದು ಆ ಬಳಿಕ. ಗುಂಪಿನ 1958ರ ಪ್ರಣಾಳಿಕೆಯು ಅಪೊಲಿನೇರನ ‘ಕ್ಯಾಲಿಗ್ರಾಂ’ಗಳನ್ನು ಸಿದ್ಧಿಯೆನ್ನುವುದಕ್ಕಿಂತ ದರ್ಶನವಾಗಿ ಮಾತ್ರ ಮಾನ್ಯಮಾಡಿತು. ಇದು ಗಮನಾರ್ಹ: ಮಳೆಯ ಕವಿತೆಯನ್ನು ಮಳೆಯಂತೆ ಬರೆಯುವುದು ಅವರ ಗುರಿಯಾಗಿರಲಿಲ್ಲ.

ವಿಶುವಲ್ ಕವಿತೆಯ ಮಾರ್ಗ ಬೇರೆ. 1963ರಲ್ಲಿ ಫ್ಲಾರೆನ್ಸಿನಲ್ಲಿ ಲಂಬೆರ್ತೊ ಪಿನ್ಯೊತ್ತಿ, ಎವುಜೆನಿಯೊ ಮಿಚ್ಚೀನಿ ಮೊದಲಾದವರು ಸೇರಿದ ‘ಗ್ರುಪ್ಪೊ 70’, ಪತ್ರಿಕೆ ಮತ್ತು ಜಾಹೀರಾತುಗಳಿಂದ ಕತ್ತರಿಸಿದ ಛಾಯಾಚಿತ್ರಗಳನ್ನೂ ತಲೆಬರಹಗಳನ್ನೂ ಅಂಟಿಸಿ ‘ಪೊಯೆಸಿಯಾ ವಿಸಿವಾ’ ರಚಿಸಿತು. ಇಲ್ಲಿ ಭಾಷೆಯು ಹಲವು ಸಾಮಗ್ರಿಗಳಲ್ಲಿ ಒಂದು. ಅದೂ ಮಾರುಕಟ್ಟೆಯಲ್ಲಿ ಆಗಲೇ ಬಳಕೆಯಾದ ಭಾಷೆ. ಕಾಂಕ್ರೀಟ್ ಕವಿಯು ಪದವನ್ನು ಶುದ್ಧಗೊಳಿಸಲು ಯತ್ನಿಸಿದರೆ ಇವರು ಅದರ ಮಾಲಿನ್ಯವನ್ನೇ ಎತ್ತಿ ತೋರಿದರು.

ಸ್ಥೂಲವಾಗಿ ಒಂದು ಪರೀಕ್ಷೆಯನ್ನು ಸೂಚಿಸಬಹುದು: ಕೃತಿಯನ್ನು ಬೆರಳಚ್ಚು ಯಂತ್ರದಲ್ಲಿ ಮರುನಮೂದಿಸಿದಾಗ ಅದು ಉಳಿಯುತ್ತದೆಯೆ? ಗೋಮ್ರಿಂಗರನ ಕವಿತೆ ಉಳಿಯುತ್ತದೆ. ಮಿಚ್ಚೀನಿಯ ಅಂಟುಚಿತ್ರ ಉಳಿಯದು. ಆದರೆ ಈ ಪರೀಕ್ಷೆಯನ್ನು ಮುರಿದವರು ಕಾಂಕ್ರೀಟ್ ಪಾಳೆಯದವರೇ. ಔಗುಸ್ತು ದಿ ಕಾಂಪುಸ್ 1964ರಲ್ಲಿ ರಚಿಸಿದ ‘ಓಲ್ಯು ಪೊರ್ ಓಲ್ಯು’ ಕೃತಿಯಲ್ಲಿ ಪದಗಳಿಲ್ಲ, ಕತ್ತರಿಸಿದ ಕಣ್ಣುಗಳ ಚಿತ್ರಗಳಿವೆ. ಸಂಕಲನಕಾರರು ಎರಡೂ ಹೆಸರುಗಳನ್ನು ಬೆರೆಸಿದ್ದರೆ ಅವರನ್ನಷ್ಟೇ ದೂರಲಾಗದು.

ನಮ್ಮ ಚಿತ್ರಬಂಧಗಳು ಇವೆರಡಕ್ಕೂ ಪೂರ್ವಜರೆಂಬ ಮಾತನ್ನು ನಾನು ಒಪ್ಪಲಾರೆ. ದಂಡಿಯು ‘ಕಾವ್ಯಾದರ್ಶ’ದಲ್ಲಿ ವಿವರಿಸುವ ಗೋಮೂತ್ರಿಕೆಯಲ್ಲಿ ಒಂದುಬಿಟ್ಟೊಂದು ಅಕ್ಷರವು ಎರಡೂ ಸಾಲುಗಳಿಗೆ ಸಮಾನ, ಹಾಗಾಗಿ ಅಂಕುಡೊಂಕಾಗಿ ಓದಿದರೂ ಪದ್ಯ ಅದೇ. ಆದರೆ ಆ ಪದ್ಯವು ಛಂದೋಬದ್ಧ, ವ್ಯಾಕರಣಶುದ್ಧ; ಆಕೃತಿಯಿಲ್ಲದೆಯೂ ಬಾಯಲ್ಲಿ ಪೂರ್ಣವಾಗಿ ನಿಲ್ಲುತ್ತದೆ. ಅಲ್ಲಿ ಅಕ್ಷರಗಳ ನಡುವಣ ಜಾಗಕ್ಕೆ ಅರ್ಥವಿಲ್ಲ. ಗೋಮ್ರಿಂಗರನ ಪದಗಳನ್ನು ಒಂದರ ಹಿಂದೊಂದು ಉಚ್ಚರಿಸಿದರೆ ಉಳಿಯುವುದು ಬರಿಯ ಪುನರುಕ್ತಿ.

ಆದ್ದರಿಂದ ಸದ್ಯಕ್ಕೆ ‘ಕಾಂಕ್ರೀಟ್’, ‘ವಿಶುವಲ್’ ಎಂಬ ಎರವಲು ಪದಗಳನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ. ಮೊದಲನೆಯದು ಸಿಮೆಂಟು ಜಲ್ಲಿಯನ್ನು ನೆನಪಿಸುತ್ತದೆಂಬ ಆಕ್ಷೇಪವಿದ್ದರೆ, ಇಂಗ್ಲಿಷ್ ಓದುಗನಿಗೂ ಅದು ಹಾಗೆಯೇ ನೆನಪಿಸುತ್ತದೆ.